ಪುಂಡಿ ನಾರು, ಗ್ಲಾಸ್ ಫೈಬರ್: ಕಾಂಪೋಸಿಟ್ ಪಾಠದ ಟಿಪ್ಪಣಿ

ಗದಗಿನ ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರದ ರೆಕ್ಕೆ ಮುಖ್ಯವಾಗಿ ಗ್ಲಾಸ್ ಫೈಬರ್ ಮತ್ತು ರಾಳದ (ನಾರುಗಳನ್ನು ಹಿಡಿದಿಡುವ ಅಂಟಿನಂಥ ಪ್ಲಾಸ್ಟಿಕ್) ಕಾಂಪೋಸಿಟ್, ಅಂದರೆ ಬೇರೆ ಬೇರೆ ವಸ್ತು ಸೇರಿಸಿ ಮಾಡಿದ್ದು. ನಮ್ಮ ಹೊಲದಲ್ಲಿ ಬೆಳೆಯುವ ಪುಂಡಿಗೂ ನಾರಿದೆ. ಸೊಪ್ಪು ಪಲ್ಯಕ್ಕೆ, ನಾರು ಹಗ್ಗಕ್ಕೆ. ಹಾಗಾದರೆ ಪುಂಡಿ ನಾರಿನಲ್ಲೇ ರೆಕ್ಕೆ ಯಾಕೆ ಮಾಡಬಾರದು? ಈ ಪ್ರಶ್ನೆ ಹಿಡಿದುಕೊಂಡು ಓದಿದರೆ ಇಡೀ ಪಾಠ ಬೇಗ ತಲೆಗೆ ಹತ್ತುತ್ತದೆ.

ಮೊದಲು ಬಿಗಿತನ, ಅಂದರೆ ಮಾಡ್ಯುಲಸ್. ಇ-ಗ್ಲಾಸ್‌ಗೆ (ಸಾಮಾನ್ಯವಾಗಿ ಬಳಸುವ ಗ್ಲಾಸ್ ಫೈಬರ್) ಸುಮಾರು 72 ಗಿಗಾಪಾಸ್ಕಲ್ (ಬಿಗಿತನದ ಅಳತೆ), ಸಾಮಾನ್ಯ ಕಾರ್ಬನ್ ಫೈಬರ್‌ಗೆ 230. ಸೆಣಬಿಗೆ 10ರಿಂದ 30, ತೆಂಗಿನ ನಾರಿಗೆ ಬರೀ 4ರಿಂದ 6. ಆದರೆ ಗ್ಲಾಸ್‌ನ ಸಾಂದ್ರತೆ ಘನ ಸೆಂ.ಮೀ.ಗೆ 2.55 ಗ್ರಾಂ, ಸೆಣಬಿನದು 1.4 ಆಸುಪಾಸು. ಬಿಗಿತನವನ್ನು ಸಾಂದ್ರತೆಯಿಂದ ಭಾಗಿಸಿ ನೋಡಿದರೆ ಅಂತರ ಕಡಿಮೆಯಾಗುತ್ತದೆ, ಅಗಸೆ ನಾರಂತೂ ಗ್ಲಾಸ್‌ಗೆ ಸರಿಸಮ ನಿಲ್ಲುತ್ತದೆ. "ನೈಸರ್ಗಿಕ ನಾರು ಗ್ಲಾಸ್‌ನಷ್ಟೇ ಗಟ್ಟಿ" ಅಂತ ಯಾರಾದರೂ ಬರೆದಿದ್ದರೆ ಮೊದಲು ಇದನ್ನೇ ಕೇಳಿ: ಸಾಂದ್ರತೆಯಿಂದ ಭಾಗಿಸಿದ್ದೀರಾ, ಇಲ್ಲವಾ?

ಮಿಶ್ರಣದ ನಿಯಮ ಸುಲಭ. ನಾರಿನ ಮಾಡ್ಯುಲಸ್ ಅನ್ನು ಅದರ ಪಾಲಿನಿಂದ ಗುಣಿಸಿ, ರಾಳದ್ದನ್ನು ಅದರ ಪಾಲಿನಿಂದ ಗುಣಿಸಿ, ಎರಡೂ ಕೂಡಿಸಿ. ಎಪಾಕ್ಸಿ ಅನ್ನುವ ರಾಳಕ್ಕೆ 3 ಅಂತ ಹಿಡಿದರೆ, ಅರ್ಧ ಗ್ಲಾಸ್ ಇರುವ ಹಲಗೆಗೆ 37.5 ಬರುತ್ತದೆ. ಇಲ್ಲಿ ಅರ್ಧ ಅಂದರೆ ಗಾತ್ರದಲ್ಲಿ ಅರ್ಧ, ತೂಕದಲ್ಲಿ ಅಲ್ಲ. ತಕ್ಕಡಿಯಲ್ಲಿ ಗ್ಲಾಸ್ ಮತ್ತು ಎಪಾಕ್ಸಿ ಸಮ ತೂಗಿ ಹಾಕಿದರೆ ಗಾತ್ರದಲ್ಲಿ ಗ್ಲಾಸ್‌ನ ಪಾಲು 32 ಶೇಕಡಾ ಅಷ್ಟೇ. ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುವುದು ಇಲ್ಲೇ. ಇನ್ನೊಂದು ಮಾತು, ಈ ಲೆಕ್ಕ ನಾರುಗಳೆಲ್ಲ ಉದ್ದಕ್ಕೆ ಒಂದೇ ಕಡೆ ಸಾಗಿ, ಎಳೆತವೂ ಅದೇ ದಿಕ್ಕಿನಲ್ಲಿ ಇದ್ದಾಗ ಮಾತ್ರ. ಅಡ್ಡಡ್ಡ ಎಳೆದರೆ ನಾರಿಗಿಂತ ರಾಳದ್ದೇ ಆಟ. ಅದಕ್ಕೇ ರೆಕ್ಕೆಯಲ್ಲಿ ಬಾಗುವ ಭಾರ ಹೊರುವ ಪಟ್ಟಿಯ ನಾರು ಉದ್ದಕ್ಕಿರುತ್ತದೆ, ತಿರುಚುವ ಬಲ ತಡೆಯುವ ಪದರಗಳಲ್ಲಿ 45 ಡಿಗ್ರಿಗೆ ಓರೆಯಾಗಿರುತ್ತದೆ. (ಅಂದಹಾಗೆ, ಎಷ್ಟೋ ರೆಕ್ಕೆಗಳ ಒಳತಿರುಳಿನಲ್ಲಿ ಬಾಲ್ಸಾ ಮರ ಇರುತ್ತದೆ. ನೈಸರ್ಗಿಕ ವಸ್ತು ಪೂರ್ತಿ ಹೊರಗುಳಿದಿಲ್ಲ.)

ನನ್ನ ಪ್ರಕಾರ ಪಾಠದ ನಿಜವಾದ ಜೀವ ನಾರಿನಲ್ಲೂ ಇಲ್ಲ, ರಾಳದಲ್ಲೂ ಇಲ್ಲ. ಎರಡೂ ಅಂಟುವ ಜಾಗದಲ್ಲಿದೆ. ಗ್ಲಾಸ್ ಫೈಬರ್‌ಗೆ ಕಾರ್ಖಾನೆಯಲ್ಲೇ ಸಿಲೇನ್ (ಗ್ಲಾಸನ್ನೂ ರಾಳವನ್ನೂ ಬೆಸೆಯುವ ರಾಸಾಯನಿಕ) ಇರುವ ತೆಳು ಲೇಪನ ಕೊಟ್ಟಿರುತ್ತಾರೆ, ರಾಳ ಚೆನ್ನಾಗಿ ಹಿಡಿಯುತ್ತದೆ. ಪುಂಡಿ, ಸೆಣಬು, ಕತ್ತಾಳೆ ಇವೆಲ್ಲ ಸೆಲ್ಯುಲೋಸ್ ನಾರು, ಅದರ ತುಂಬ ನೀರನ್ನು ಸೆಳೆಯುವ ಹೈಡ್ರಾಕ್ಸಿಲ್ ಗುಂಪುಗಳು, ಹಾಗಾಗಿ ನೀರು ಕಂಡರೆ ಬಿಡುವುದಿಲ್ಲ, ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್‌ಗೋ ನೀರಂದ್ರೆ ಆಗದು. ಮಳೆಗಾಲದಲ್ಲಿ ನಾರು ತೇವ ಹೀರಿ ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಹೀಗೆ ಆಗ್ತಾ ಆಗ್ತಾ ಅಂಟು ಬಿಟ್ಟು ಸಣ್ಣ ಬಿರುಕು ಏಳುತ್ತದೆ. ಮುರಿದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಾರು ತುಂಡಾಗದೆ ಸುಮ್ನೆ ಜಾರಿ ಹೊರಬಂದಿದ್ದರೆ, ತೂತುಗಳೇ ಉಳಿದಿದ್ದರೆ, ಅಂಟು ಸಾಲಲಿಲ್ಲ ಅಂತಲೇ ಅರ್ಥ.

ಇದಕ್ಕೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನಾರು ನೆನೆಸುವುದು ರೂಢಿ. ಮೇಲಿನ ಮೇಣ, ಹೆಮಿಸೆಲ್ಯುಲೋಸ್ ಹೋಗಿ ಮೈ ಒರಟಾಗುತ್ತದೆ, ರಾಳ ಚೆನ್ನಾಗಿ ಹಿಡಿಯುತ್ತದೆ. ದ್ರಾವಣ ಜಾಸ್ತಿ ಗಾಢವಾದರೆ ನಾರೇ ಬಲ ಕಳೆದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಆದರೆ ಮೆಲೆಯಿಕ್ ಅನ್‌ಹೈಡ್ರೈಡ್ ಸೇರಿಸಿದ ಪಾಲಿಪ್ರೊಪಿಲೀನ್ ಸ್ವಲ್ಪ ಬೆರೆಸುತ್ತಾರೆ, ಅದು ನಾರನ್ನೂ ಪ್ಲಾಸ್ಟಿಕ್ಕನ್ನೂ ಬೆಸೆಯುತ್ತದೆ.

ಬಿಸಿಯದೂ ಒಂದು ಮಿತಿ ಇದೆ. ಸುಮಾರು 200 ಡಿಗ್ರಿ ದಾಟಿದರೆ ಸಸ್ಯದ ನಾರು ಕಂದು ತಿರುಗಿ ಹಾಳಾಗುತ್ತದೆ. 165ರ ಹತ್ತಿರ ಕರಗುವ ಪಾಲಿಪ್ರೊಪಿಲೀನ್ ಸರಿ, 260ಕ್ಕೆ ಕರಗುವ ನೈಲಾನ್ 66 ಕಷ್ಟ.

ಜೊತೆಗೆ ಬೆಳೆದ ನೆಲ, ಕೊಯ್ದ ಕಾಲ, ನೀರಲ್ಲಿ ಕೊಳೆಹಾಕಿದ ರೀತಿ ಬದಲಾದಂತೆ ನಾರಿನ ಗುಣವೂ ಬದಲಾಗುತ್ತದೆ. ವರ್ಷಗಟ್ಟಲೆ ಗಾಳಿಗೆ ಬಾಗುವ ರೆಕ್ಕೆಗೆ ಇದನ್ನು ನಂಬುವುದು ಕಷ್ಟ ಅಲ್ವಾ? ಕಾರಿನ ಬಾಗಿಲ ಒಳಹಲಗೆಗೆ ಮಾತ್ರ ಹೇಳಿ ಮಾಡಿಸಿದಂತಿದೆ: ಹಗುರ, ಸದ್ದು ಮತ್ತು ಅದುರುವಿಕೆ ಕಡಿಮೆ ಮಾಡುತ್ತದೆ. ಆದರೆ ಎಪಾಕ್ಸಿಯಲ್ಲಿ ಮುಳುಗಿಸಿದ ಸೆಣಬನ್ನು ಮಣ್ಣಲ್ಲಿ ಕರಗುವ ವಸ್ತು ಅಂತ ಕರೆಯಬೇಡಿ. ಎಪಾಕ್ಸಿ ಎಲ್ಲಿಗೂ ಹೋಗುವುದಿಲ್ಲ.

ಪ್ರಾಜೆಕ್ಟ್ ಮಾಡುವವರಿಗೆ ನನಗೆ ಇಷ್ಟವಾದ ದಾರಿ ಎರಡೂ ಬೆರೆಸುವುದು. ಗ್ಲಾಸ್ ಹೊರಗೆ, ಸೆಣಬು ನಡುವೆ. ಹಲಗೆ ಬಾಗಿದಾಗ ಹೆಚ್ಚು ಎಳೆತ, ಒತ್ತಡ ಬೀಳುವುದು ಹೊರಮೈಗೆ, ನಡುವಿಗೆ ಕಡಿಮೆ, ಹಾಗಾಗಿ ಗ್ಲಾಸ್ ಸ್ವಲ್ಪವೇ ಇದ್ದರೂ ಬಿಗಿತನ ಚೆನ್ನಾಗಿ ಏರುತ್ತದೆ, ತೇವವೂ ಒಳಗೆ ನಿಧಾನವಾಗಿ ಹೋಗುತ್ತದೆ. ಸ್ಯಾಂಪಲ್ ಕತ್ತರಿಸಿದ ಅಂಚಿನಲ್ಲಿ, ಡ್ರಿಲ್ ಮಾಡಿದ ತೂತಿನಲ್ಲಿ ಮಾತ್ರ ಸೆಣಬು ತೆರೆದುಕೊಂಡಿರುತ್ತದೆ. ನೀರಿನ ಪರೀಕ್ಷೆಗೆ ಇಡುವ ಮೊದಲು ಆ ಅಂಚುಗಳಿಗೆ ರಾಳ ಸವರಿದ್ದೀರಾ ಇಲ್ಲವಾ ಅನ್ನುವುದನ್ನು ವರದಿಯಲ್ಲಿ ಬರೆಯಿರಿ, ಫಲಿತಾಂಶ ಅದರ ಮೇಲೇ ಬದಲಾಗುತ್ತದೆ.