ಪಾಪನಿವೇದನೆ ಮಾಡಿ ಬಂದ ಮೂರೇ ದಿನಕ್ಕೆ ಮತ್ತೆ ಅದೇ ಚಟ. ದೇವರು ನನ್ನ ಕೈ ಬಿಟ್ಟನಾ?

ಪ್ರಶ್ನೆ: ನನಗೆ 27 ವರ್ಷ. ಮೂಡಿಗೆರೆ ಕಡೆಯವನು, ಕೆಲಸಕ್ಕಾಗಿ ಚಿಕ್ಕಮಗಳೂರಿನಲ್ಲಿ ರೂಮ್ ಮಾಡಿಕೊಂಡಿದ್ದೇನೆ. ಪಿಯುಸಿಯಲ್ಲಿದ್ದಾಗಿನಿಂದ ಮೊಬೈಲ್‌ನಲ್ಲಿ ಕೆಟ್ಟ ವಿಡಿಯೋ ನೋಡುವ ಚಟ. ಚರ್ಚಿನ ಗುರುಗಳ ಹತ್ತಿರ ಪಾಪನಿವೇದನೆ ಮಾಡುತ್ತೇನೆ, ಮೂರು ದಿನಕ್ಕೆ ಮತ್ತೆ ಅದೇ. ಉಪವಾಸ ಇದ್ದೆ. ವೇಳಾಂಗಣ್ಣಿಗೆ ಹರಕೆ ಹೊತ್ತೆ. ಈಗ ಪಾಪನಿವೇದನೆಗೆ ಹೋಗಲೂ ನಾಚಿಕೆ. ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವುದನ್ನೂ ಬಿಟ್ಟಿದ್ದೇನೆ. ದೇವರು ನನ್ನ ಕೈ ಬಿಟ್ಟನಾ? ಈಸ್ಟರ್ ಆದಮೇಲೆ ಮದುವೆ ಇದೆ. ಮದುವೆಯಾದರೆ ತಾನಾಗಿಯೇ ಹೋಗುತ್ತದೆ ಅನ್ನುತ್ತಾರೆ, ನಿಜವಾ?

ಉತ್ತರ: ಇಲ್ಲ, ಬಿಟ್ಟಿಲ್ಲ. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮದುವೆ ತಯಾರಿ ಶಿಬಿರಗಳಲ್ಲಿ ಹಲವು ವರ್ಷದಿಂದ ಮಾತಾಡುತ್ತಿದ್ದೇನೆ. ಪ್ರತಿ ಸಲ ಊಟದ ಬಿಡುವಿನಲ್ಲಿ, ಕೈ ತೊಳೆಯುವ ನಲ್ಲಿಯ ಹತ್ತಿರ ಬಂದು, ಆಚೆ ಈಚೆ ನೋಡಿ, 'ಸಾರ್, ಒಂದು ವಿಷಯ ಕೇಳಬೇಕಿತ್ತು' ಅನ್ನುವವರು ಒಬ್ಬರಾದರೂ ಇರುತ್ತಾರೆ. ಹುಡುಗಿಯರೂ ಕೇಳಿದ್ದಾರೆ. ಇದು ಗಂಡಸರ ಚಟ ಅಂತ ಎಲ್ಲರೂ ಅಂದುಕೊಂಡಿರುವುದರಿಂದ ಅವರಿಗೆ ಹೆದರಿಕೆ ಇನ್ನೂ ಜಾಸ್ತಿ. ನಿಮ್ಮ ಪತ್ರದಲ್ಲಿರುವ ಸಾಲು ಸಾಲೂ ನನಗೆ ಗೊತ್ತು. ನಾನೂ ಹನ್ನೊಂದು ವರ್ಷ ಅದೇ ದಾರಿಯಲ್ಲಿ ನಡೆದವನು.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಆಸೆ ಪಾಪವಲ್ಲ. ಗಂಡು ಹೆಣ್ಣನ್ನು ದೇವರೇ ಮಾಡಿ, 'ಬಹಳ ಒಳ್ಳೆಯದು' ಎಂದು ಕಂಡ ಅಂತ ಬೈಬಲಿನ ಮೊದಲನೆಯ ಅಧ್ಯಾಯವೇ ಹೇಳುತ್ತದೆ. ಮನಸ್ಸಿಗೆ ಶೋಧನೆ, ಅಂದರೆ ತಪ್ಪಿನ ಕಡೆಗೆ ಎಳೆಯುವ ಸೆಳೆತ, ಬಂದು ಹೋಗುವುದೂ ಪಾಪವಲ್ಲ. ಯೇಸು ನಮ್ಮ ಹಾಗೆಯೇ ಎಲ್ಲ ರೀತಿಯಲ್ಲೂ ಶೋಧನೆಗೆ ಒಳಗಾದರು, ಆದರೆ ಪಾಪ ಮಾಡಲಿಲ್ಲ ಅಂತ ಇಬ್ರಿಯರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿದೆ. ಎಷ್ಟೋ ಹುಡುಗರು ಈ ವ್ಯತ್ಯಾಸ ಗೊತ್ತಿಲ್ಲದೆ ತಮ್ಮ ದೇಹವನ್ನೇ ಶಪಿಸಿಕೊಂಡು ಬದುಕುತ್ತಾರೆ. ದೇಹ ಪವಿತ್ರಾತ್ಮರ ಗುಡಿ ಅಂದ ಸಂತ ಪೌಲ. ಗುಡಿಯೊಳಗೆ ಕಸ ಬಿದ್ದರೆ ಗುಡಿಸುತ್ತೇವೆ, ಗುಡಿಯನ್ನೇ ಕೆಡವುವುದಿಲ್ಲ ಅಲ್ವಾ?

ಅದೇ ಪೌಲ ರೋಮನರಿಗೆ ಬರೆದ ಪತ್ರದ 7ನೇ ಅಧ್ಯಾಯ ಓದಿ. ಮಾಡಬೇಕು ಅಂದುಕೊಂಡ ಒಳ್ಳೆಯದನ್ನು ಮಾಡುತ್ತಿಲ್ಲ, ಬೇಡ ಅಂದುಕೊಂಡ ಕೆಟ್ಟದ್ದನ್ನೇ ಮಾಡುತ್ತಿದ್ದೇನೆ ಅಂತ ಆತ ಗೋಳಾಡುತ್ತಾನೆ. ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ಅದೇ. ದೇವರು ಕೈ ಬಿಟ್ಟವನಿಗೆ ಇಷ್ಟು ಸಂಕಟ ಆಗುವುದಿಲ್ಲ.

ಸಂತ ಅಗಸ್ಟೀನರ ವಿಷಯ ಗೊತ್ತಿರಬಹುದು. ಹುಟ್ಟಿದ್ದು 354ರಲ್ಲಿ, ಉತ್ತರ ಆಫ್ರಿಕಾದಲ್ಲಿ. ಬುದ್ಧಿವಂತ ಮೇಷ್ಟ್ರು. ಪರಿಶುದ್ಧತೆ ಕೊಡು ದೇವರೇ, ಆದರೆ ಈಗಲೇ ಬೇಡ ಅಂತ ತರುಣನಾಗಿದ್ದಾಗ ಬೇಡಿಕೊಳ್ಳುತ್ತಿದ್ದೆ ಅಂತ ಅವರೇ ಆಮೇಲೆ ಬರೆದುಕೊಂಡರು. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅತ್ತು ಕರೆದು, ಪೌಲನ ಪತ್ರ ತೆರೆದು ಓದಿ ಮನಸ್ಸು ತಿರುಗಿಸಿಕೊಂಡರು. ಮುಂದಿನ ವರ್ಷ ಈಸ್ಟರ್‌ನಲ್ಲಿ ದೀಕ್ಷಾಸ್ನಾನ. ಇಷ್ಟನ್ನು ಪ್ರಸಂಗದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಎರಡು ಸಂಗತಿ ನಿಮಗೆ ಜಾಸ್ತಿ ಬೇಕು. ಆ ತೋಟದಲ್ಲಿ ಅಗಸ್ಟೀನರು ಒಬ್ಬರೇ ಇರಲಿಲ್ಲ, ಅಲಿಪಿಯಸ್ ಅನ್ನುವ ಗೆಳೆಯ ಜೊತೆಗಿದ್ದ. ಎರಡನೆಯದು, ಬಿಷಪ್ ಆದಮೇಲೂ ಹಳೆಯ ಚಿತ್ರಗಳು ಕನಸಿನಲ್ಲಿ ಬಂದು ಕಾಡುತ್ತವೆ ಅಂತ ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಅಷ್ಟು ದೊಡ್ಡ ಸಂತರ ತಲೆಯಿಂದಲೇ ಒಂದೇ ಏಟಿಗೆ ಅಳಿಸಿಹೋಗದ್ದು ನಿಮ್ಮಿಂದ ಮೂರು ದಿನಕ್ಕೆ ಹೋಗಬೇಕು ಅಂತ ಯಾಕೆ ಅಂದುಕೊಂಡಿರಿ?

ಹರಕೆಯ ವಿಷಯ. ತಾಯಿ ವೇಳಾಂಗಣ್ಣಿ ಮಾತೆಯ ಮೇಲೆ ನನಗೂ ಭಕ್ತಿ ಇದೆ, ನಮ್ಮ ಮನೆಯವರು ವರ್ಷ ವರ್ಷ ಹೋಗುತ್ತಾರೆ. ಆದರೆ 'ಇನ್ನೊಮ್ಮೆ ಮಾಡಿದರೆ ನನ್ನನ್ನು ಶಿಕ್ಷಿಸು' ಅಂತ ಹರಕೆ ಹೊರಬೇಡಿ. ಅದರಲ್ಲಿ ದೇವರು ಸಾಲ ವಸೂಲಿಗೆ ಬರುವವನಾಗಿಬಿಡುತ್ತಾನೆ. ಬಿದ್ದ ದಿನ ಅವನ ಮುಖ ನೋಡಲು ಹೆದರುತ್ತೀರಿ. ಹೆದರಿ ದೂರ ಹೋಗುತ್ತೀರಿ, ಒಂಟಿಯಾಗುತ್ತೀರಿ. ಒಂಟಿಯಾದಾಗ ಕೈ ಮತ್ತೆ ಮೊಬೈಲಿಗೆ ಹೋಗುತ್ತದೆ. ಈ ಚಟ ಬದುಕುವುದು ಆಸೆಯಿಂದಲ್ಲ, ನಾಚಿಕೆಯಿಂದ. ನನ್ನ ಅನುಭವದಲ್ಲಿ ಇದಕ್ಕಿಂತ ನಿಜವಾದ ಮಾತು ಇಲ್ಲ.

ನನ್ನ ಗುಟ್ಟು ಒಡೆದದ್ದು ಕಾಫಿ ತೋಟದಲ್ಲಿ. ನನಗಾಗ 29. ಸೆಪ್ಟೆಂಬರ್ ಕೊನೆ, ಮಳೆ ಬಿಡುವು ಕೊಟ್ಟಿತ್ತು. ಆಲ್ದೂರಿನ ಹತ್ತಿರ ಗೆಳೆಯನ ತೋಟದಲ್ಲಿ ಇಬ್ಬರೂ ಗೋಣಿಚೀಲದ ತುಂಡು ಹಿಡಿದು ಅರೇಬಿಕಾ ಗಿಡಗಳ ಕಾಂಡ ಉಜ್ಜುತ್ತಿದ್ದೆವು. ಸಿಪ್ಪೆ ಎದ್ದ ತೊಗಟೆಯ ಸಂದಿಯಲ್ಲಿ ಬೋರರ್ ಅನ್ನುವ ಕಾಂಡ ಕೊರೆಯುವ ಕೀಟ ಮೊಟ್ಟೆ ಇಡುತ್ತದೆ, ಅದಕ್ಕೆ. ಅವನು ಒಂದು ಗಿಡದ ಹತ್ತಿರ ನಿಂತ. ಕಾಂಡದ ಮೇಲೆ ಬೆರಳಾಡಿಸಿ, ಉಬ್ಬಿದ ಗೆರೆಯೊಂದನ್ನು ತೋರಿಸಿದ. ಕತ್ತಿಯಿಂದ ಸೀಳಿದರೆ ಒಳಗೆಲ್ಲ ಸುರಂಗ, ಹಿಟ್ಟಿನ ಹಾಗೆ ಒತ್ತಿಕೊಂಡ ಪುಡಿ, ಮಧ್ಯೆ ಬಿಳಿ ಹುಳು. 'ಎಲೆ ನೋಡು, ಇನ್ನೂ ಹಸಿರಾಗೇ ಇದೆ' ಅಂದ.

ನನಗೆ ಗಂಟಲು ಕಟ್ಟಿತು. 'ನಂದೂ ಹಿಂಗೇ ಆಗಿದೆ ಕಣೋ' ಅಂದೆ. ಶುರುಮಾಡಿದ ಮೇಲೆ ಎಲ್ಲ ಹೇಳಿಬಿಟ್ಟೆ. ಅವನು ನನ್ನ ಮುಖ ನೋಡಲಿಲ್ಲ. ಪಕ್ಕದ ಗಿಡ ಉಜ್ಜುತ್ತಲೇ ಇದ್ದ. ಅದೇ ನನ್ನನ್ನು ಉಳಿಸಿತು. ಕೊನೆಗೆ 'ಎಷ್ಟು ವರ್ಷ?' ಅಂದ. ಹನ್ನೊಂದು ಅಂದೆ. 'ರಾತ್ರಿ ಹತ್ತಕ್ಕೆ ಫೋನ್ ಮಾಡ್ತೀನಿ. ಬಿದ್ದ ದಿನಾನೂ ಎತ್ತಬೇಕು.' ಅಷ್ಟೇ. ಆಮೇಲೆ ದಿನಾ ರಾತ್ರಿ ಮಾಡಿದ. ಮಳೆ ಎಷ್ಟು ಇಂಚು, ಕಾಫಿ ರೇಟು ಏನು, ಇಂಥದ್ದೇ ಮಾತು. ಕೊನೆಯಲ್ಲಿ ಇಬ್ಬರೂ ಯೇಸು ಕಲಿಸಿದ ಪ್ರಾರ್ಥನೆ, ಒಂದು ಪರಲೋಕ ಮಂತ್ರ ಹೇಳುತ್ತಿದ್ದೆವು. ಒಂದೇ ದಿನಕ್ಕೆ ನಾನು ಬದಲಾಗಲಿಲ್ಲ. ಬೀಳುವುದರ ನಡುವಿನ ದಿನಗಳು ನಿಧಾನಕ್ಕೆ ದೂರವಾದವು. ಮೂರು ದಿನ ಹೋಗಿ ಎರಡು ವಾರ, ಎರಡು ವಾರ ಹೋಗಿ ತಿಂಗಳು, ಆಮೇಲೆ ಎಣಿಸುವುದನ್ನೇ ಬಿಟ್ಟೆ.

ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ, ಆಗ ಗುಣವಾಗುತ್ತೀರಿ ಅಂತ ಯಾಕೋಬನ ಪತ್ರದ 5ನೇ ಅಧ್ಯಾಯ ಹೇಳುವುದು ಇದನ್ನೇ. ಕುಡಿತ ಬಿಡಿಸುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳೂ ಇದರ ಮೇಲೆಯೇ ನಿಂತಿವೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಅದನ್ನು ಶುರುಮಾಡಿದ ಇಬ್ಬರೂ ಒಂದು ಕ್ರೈಸ್ತ ಸಹವಾಸದಲ್ಲಿ ಇದ್ದವರು. ದೇವರ ಮುಂದೆ, ತನ್ನ ಮುಂದೆ, ಇನ್ನೊಬ್ಬ ಮನುಷ್ಯನ ಮುಂದೆ ತಪ್ಪು ಒಪ್ಪಿಕೊಳ್ಳುವುದು ಅವರ ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದು. ಆ ಇನ್ನೊಬ್ಬ ಮನುಷ್ಯನನ್ನು ನೀವು ಇನ್ನೂ ಹುಡುಕಿಕೊಂಡಿಲ್ಲ. ಹುಡುಕಿ. ವಯಸ್ಸಿನಲ್ಲಿ ದೊಡ್ಡವರಾದರೆ ಒಳ್ಳೆಯದು, ಬಾಯಿ ಬಿಗಿ ಇರಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಹೇಳುವ ವಿಷಯ ಇದಲ್ಲ.

ಪಾಪನಿವೇದನೆಗೆ ಮತ್ತೆ ಹೋಗಿ. ಗುರುಗಳು ಅಲ್ಲಿ ಕೇಳಿದ್ದನ್ನು ಜೀವ ಹೋದರೂ ಹೊರಗೆ ಹೇಳುವಂತಿಲ್ಲ, ಅದು ಧರ್ಮಸಭೆಯ ಕಟ್ಟುನಿಟ್ಟಿನ ಕಾನೂನು. ಅವರು ಬೆಚ್ಚಿ ಬೀಳುತ್ತಾರೆ ಅಂತಲೂ ಅಂದುಕೊಳ್ಳಬೇಡಿ. ಧರ್ಮಸಭೆಯ ಬೋಧನೆಗಳ ಅಧಿಕೃತ ಗ್ರಂಥವಾದ 1992ರ ಕಥೋಲಿಕ ಧರ್ಮೋಪದೇಶವೇ ಇಂಥ ತಪ್ಪುಗಳ ಬಗ್ಗೆ ಹೇಳುವಾಗ, ಬೇರೂರಿದ ಅಭ್ಯಾಸದ ಬಲ, ಮನಸ್ಸಿನ ಆತಂಕ, ಪಕ್ವವಾಗದ ಭಾವನೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುತ್ತದೆ. ತಪ್ಪು ತಪ್ಪೇ. ಆದರೆ ಹೊಣೆಯ ಭಾರ ಎಲ್ಲರಿಗೂ ಒಂದೇ ಅಲ್ಲ. ಸಾಧ್ಯವಾದರೆ ಒಬ್ಬರೇ ಗುರುಗಳ ಹತ್ತಿರ ಹೋಗಿ. ಗೊತ್ತಾಗಬಾರದು ಅಂತ ಒಂದು ತಿಂಗಳು ಕಥೀಡ್ರಲ್, ಇನ್ನೊಂದು ತಿಂಗಳು ಹಾಸನ ಅಂತ ನಾನು ಓಡಾಡಿದ್ದೆ. ಪ್ರತಿ ಸಲ ಮೊದಲನೇ ಪಾಠದಿಂದಲೇ ಶುರು, ಯಾರಿಗೂ ನನಗೆ ದಾರಿ ತೋರಿಸಲು ಆಗಲಿಲ್ಲ. ಒಂದು ಕಡೆ ಪೀಠದಿಂದ ಈ ಪಾಪದ ಮೇಲೆ ಗುಡುಗಿದ್ದನ್ನು ಕೇಳಿ ಆರು ತಿಂಗಳು ಬಾಯಿ ಬಿಡದೆ ಇದ್ದದ್ದೂ ಉಂಟು. ಪ್ರಾಟೆಸ್ಟೆಂಟ್ ಸಭೆಯ ಓದುಗರಿದ್ದರೆ ನಿಮ್ಮ ಪಾಸ್ಟರ್ ಅಥವಾ ನಂಬಿಕಸ್ಥ ಹಿರಿಯರ ಹತ್ತಿರ ಕೂತು ಮಾತಾಡಿ.

ಇನ್ನು ಪ್ರಾರ್ಥನೆ. ನೀವು ಬಿದ್ದ ಮೇಲೆ ಪ್ರಾರ್ಥಿಸುತ್ತಿದ್ದೀರಿ. ಅದನ್ನು ಮುಂಚೆ ತನ್ನಿ. ದಾವೀದನ ಕಥೆಯಲ್ಲಿ ಒಂದು ಚಿಕ್ಕ ವಿವರ ಇದೆ: ರಾಜರು ಯುದ್ಧಕ್ಕೆ ಹೋಗುವ ಕಾಲ, ಸೈನ್ಯ ಹೋಗಿದೆ, ದಾವೀದ ಅರಮನೆಯಲ್ಲೇ ಉಳಿದಿದ್ದಾನೆ. ಸಂಜೆ ಹಾಸಿಗೆಯಿಂದ ಎದ್ದು ಮಾಳಿಗೆ ಮೇಲೆ ಅಡ್ಡಾಡುತ್ತಾನೆ. ಸ್ನಾನ ಮಾಡುತ್ತಿದ್ದ ಪರರ ಹೆಂಡತಿ ಬತ್ಷೆಬೆ ಕಣ್ಣಿಗೆ ಬೀಳುವ ಮುಂಚೆಯೇ ದಾವೀದ ಅರ್ಧ ಬಿದ್ದಾಗಿತ್ತು. ನಿಮ್ಮ ಮಾಳಿಗೆ ಯಾವುದು? ಊಟ ಆಗಿ, ರೂಮಿನಲ್ಲಿ ಒಬ್ಬರೇ, ಹನ್ನೊಂದು ಗಂಟೆ, ಸುಮ್ನೆ ರೀಲ್ಸ್ ನೋಡೋಣ ಅಂತ ಮಲಗುವುದಾ? ಹಾಗಿದ್ದರೆ ಪ್ರಾರ್ಥನೆಗೆ ಸರಿಯಾದ ಹೊತ್ತು ಹತ್ತು ಗಂಟೆ. ಒಂದೈದು ನಿಮಿಷ, ಜಪಸರದ ಒಂದು ದಶಕ, ಅಂದರೆ ಹತ್ತು ಮಣಿ, ಸಾಕು. ಆಮೇಲೆ ಮೊಬೈಲ್ ರೂಮಿನ ಹೊರಗೆ ಹೋಗಬೇಕು. ಯೋಸೇಫನನ್ನು ಪೋಟೀಫರನ ಹೆಂಡತಿ ಹಿಡಿದಾಗ ಅವನು ನಿಂತು ಪ್ರಾರ್ಥನೆ ಮಾಡಲಿಲ್ಲ. ಬಟ್ಟೆ ಬಿಟ್ಟು ಓಡಿದ. ಪೌಲನೂ ಈ ವಿಷಯದಲ್ಲಿ ಎದುರಿಸಿ ಹೋರಾಡು ಅನ್ನಲಿಲ್ಲ, ಓಡಿಹೋಗು ಅಂದ. ನಾನು ಮೊಬೈಲನ್ನು ಅಡುಗೆಮನೆಯ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲೆ ಇಡುತ್ತಿದ್ದೆ. ಬೆಳಿಗ್ಗೆ ಏಳಲು ಸಂತೆಯಲ್ಲಿ ಒಂದು ಅಲಾರಂ ಗಡಿಯಾರ ತಂದೆ. ರಾತ್ರಿ ಡಬ್ಬಿ ಇಳಿಸಲು ಸ್ಟೂಲ್ ಎಳೆಯಬೇಕು. ಆ ಸದ್ದಿಗೇ ಎಷ್ಟೋ ಸಲ ಎಚ್ಚರ ಬಂದು ವಾಪಸ್ ಹೋಗಿ ಮಲಗಿದ್ದೇನೆ.

ಆದರೆ ತೆಗೆದುಹಾಕುವುದು ಅರ್ಧ ಕೆಲಸ. ಹೊರಗೆ ಹೋದ ದೆವ್ವ ತಿರುಗಿ ಬಂದು ನೋಡಿದರೆ ಮನೆ ಗುಡಿಸಿ ಸಿಂಗರಿಸಿದೆ, ಆದರೆ ಖಾಲಿ ಇದೆ. ಅದು ಇನ್ನೂ ಏಳು ದೆವ್ವಗಳನ್ನು ಕರೆದುಕೊಂಡು ಬರುತ್ತದೆ. ಮತ್ತಾಯನ 12ನೇ ಅಧ್ಯಾಯದಲ್ಲಿ ಯೇಸು ಹೇಳಿದ ಮಾತಿದು. ನಿಮ್ಮ ಸಂಜೆಗಳು ಖಾಲಿ ಇದ್ದರೆ ತುಂಬಿಸಿ. ಗಾಯನ ವೃಂದ, ವಾಲಿಬಾಲ್, ವಿನ್ಸೆಂಟ್ ದಿ ಪಾಲ್ ಸಭೆಯವರ ಜೊತೆ ಬಡವರ ಮನೆ ಭೇಟಿ, ಯಾವುದಾದರೂ ಸರಿ.

ಇಷ್ಟೆಲ್ಲ ಮಾಡಿದರೂ ತಿಂಗಳುಗಟ್ಟಲೆ ಹಿಡಿತಕ್ಕೆ ಬರದಿದ್ದರೆ, ಕೆಲಸ, ನಿದ್ದೆ, ಸಂಬಂಧ ಕೆಡುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಯಲ್ಲಿರುವ ತನ್ನ ರೋಗಗಳ ಪಟ್ಟಿಯಲ್ಲಿ ಹತೋಟಿ ತಪ್ಪಿದ ಲೈಂಗಿಕ ವರ್ತನೆಯನ್ನೂ ಸೇರಿಸಿದೆ. ಆದರೆ ಬರೀ ಪಾಪಪ್ರಜ್ಞೆಯ ನೋವೊಂದರಿಂದಲೇ ಅದನ್ನು ಕಾಯಿಲೆ ಅನ್ನಬಾರದು ಅಂತಲೂ ಹೇಳಿದೆ. ಆದ್ದರಿಂದ ನಿಮಗೆ ನೀವೇ ಹಣೆಪಟ್ಟಿ ಹಚ್ಚಿಕೊಳ್ಳಬೇಡಿ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆ ಬಂದರೆ ಅದೇ ಗಳಿಗೆ ಮಾಡಿ. ಡಾಕ್ಟರ ಹತ್ತಿರ ಹೋದರೆ ವಿಶ್ವಾಸ ಕಡಿಮೆ ಅಂತಲ್ಲ. ಸುವಾರ್ತೆ ಬರೆದ ಲೂಕನೇ ವೈದ್ಯ. ಇನ್ನೊಂದು ಮಾತು ಎಲ್ಲ ಓದುಗರಿಗೂ: ಚಟ ಮಕ್ಕಳ ಚಿತ್ರಗಳ ಕಡೆಗೆ ಹೋಗಿದ್ದರೆ ಅದು ಬೇರೆಯೇ ವಿಷಯ. ಅದರ ಹಿಂದೆ ಹಿಂಸೆಗೆ ಸಿಕ್ಕ ಮಗು ಇದೆ, ಅದು ಅಪರಾಧ. ಇವತ್ತೇ ನಿಲ್ಲಿಸಿ, ಇವತ್ತೇ ಸಹಾಯ ಕೇಳಿ.

ಮದುವೆಯಾದರೆ ತಾನಾಗಿಯೇ ಹೋಗುತ್ತದಾ ಅಂತ ಕೇಳಿದ್ದೀರಿ. ಹೋಗುವುದಿಲ್ಲ. ಪರದೆಯ ಮೇಲಿನವರು ಬೇಸರ ಮಾಡಿಕೊಳ್ಳುವುದಿಲ್ಲ, ಸುಸ್ತಾಗುವುದಿಲ್ಲ, ಮಾತಾಡಿಸು ಅನ್ನುವುದಿಲ್ಲ. ಹೆಂಡತಿ ನಿಜವಾದ ಮನುಷ್ಯಳು. ಚಟಕ್ಕೆ ಔಷಧಿ ಅಂತ ಅವಳನ್ನು ಮನೆಗೆ ತರುವುದು ಅವಳಿಗೆ ಮಾಡುವ ಅನ್ಯಾಯ. ಹುಡುಗಿಗೆ ಹೇಳಬೇಕು, ಮದುವೆಗೆ ಮುಂಚೆ. ಎಲ್ಲ ವಿವರ ಬೇಡ. ಇಂಥದ್ದೊಂದು ಅಭ್ಯಾಸ ಇದೆ, ಇಂಥವರ ಸಹಾಯ ತೆಗೆದುಕೊಳ್ಳುತ್ತಿದ್ದೇನೆ, ಇಷ್ಟು ದಿನದಿಂದ ಹೀಗಿದ್ದೇನೆ, ಅಷ್ಟು ಸಾಕು. ಅವಳು ಅಳಬಹುದು, ಸಮಯ ಕೇಳಬಹುದು. ಕೊಡಿ. ಅದಕ್ಕೂ ಮುಂಚೆ ಈ ಶನಿವಾರ ಸಂಜೆ ಪಾಪನಿವೇದನೆಗೆ ಹೋಗಿ ಬನ್ನಿ, ಭಾನುವಾರ ಪರಮಪ್ರಸಾದದ ಸಾಲಿನಲ್ಲಿ ನಿಲ್ಲಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ರಾತ್ರಿ ಹತ್ತಕ್ಕೆ ನಾವಿಬ್ಬರೂ ಇವತ್ತಿಗೂ ಪರಲೋಕ ಮಂತ್ರ ಹೇಳುತ್ತೇವೆ, ಈ ವಾರದಿಂದ ನಿಮ್ಮನ್ನೂ ಅದರಲ್ಲಿ ಸೇರಿಸಿಕೊಂಡಿದ್ದೇವೆ.