ಡಿಟಿಎಸ್ ಜೋರು, ಡಾಲ್ಬಿ ಮೆಲು: ರಿಸೀವರ್ ಕೆಟ್ಟಿದೆಯೇ?

ಪ್ರಶ್ನೆ: ಮನೆಯಲ್ಲಿ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಸೆಟ್ ಇದೆ. ಒಂದೇ ಡಿಸ್ಕ್‌ನಲ್ಲಿ ಡಿಟಿಎಸ್ ಟ್ರ್ಯಾಕ್ ಹಾಕಿದರೆ ಜೋರಾಗಿ ಕೇಳುತ್ತದೆ, ಡಾಲ್ಬಿಗೆ ಬದಲಿಸಿದರೆ ಧ್ವನಿ ಇಳಿದುಹೋಗುತ್ತದೆ. ಒಟಿಟಿಯಲ್ಲಿ ಸಿನಿಮಾ ಮುಗಿಸಿ ಹಾಡು ಹಾಕಿದರೆ ಕಿವಿಗೆ ಬಡಿಯುತ್ತದೆ. ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು ಹೇಗೆ?

ರಿಸೀವರ್, ಅಂದರೆ ಸ್ಪೀಕರ್‌ಗಳನ್ನು ನುಡಿಸುವ ಪೆಟ್ಟಿಗೆ, ಕೆಟ್ಟಿಲ್ಲ. ಡಿಟಿಎಸ್, ಡಾಲ್ಬಿ ಎರಡೂ ಧ್ವನಿಯನ್ನು ಡಿಜಿಟಲ್ ಆಗಿ ತುಂಬಿಡುವ ಬೇರೆ ಬೇರೆ ಫಾರ್ಮ್ಯಾಟ್‌ಗಳು. ಡಾಲ್ಬಿ ಟ್ರ್ಯಾಕಿನಲ್ಲಿ ಧ್ವನಿಯ ಜೊತೆಗೆ ಒಂದು ಅಂಕಿಯೂ ಸೇರಿರುತ್ತದೆ. ಅದರ ಹೆಸರು ಡಯಲಾಗ್ ನಾರ್ಮಲೈಸೇಶನ್, ಬಳಕೆಯಲ್ಲಿ ಡಯಲ್‌ನಾರ್ಮ್. ಆ ಚಿತ್ರದಲ್ಲಿ ಮಾತು ಸರಾಸರಿ ಯಾವ ಮಟ್ಟದಲ್ಲಿದೆ ಎಂಬುದನ್ನು ಮೈನಸ್ 1ರಿಂದ ಮೈನಸ್ 31 ಡೆಸಿಬಲ್‌ನೊಳಗಿನ ಅಂಕಿಯಲ್ಲಿ ಅದು ತಿಳಿಸುತ್ತದೆ; ಸೊನ್ನೆಯಿಂದ ಕೆಳಗಿಳಿದಷ್ಟೂ ಧ್ವನಿ ಮೆಲು. ರಿಸೀವರ್‌ನೊಳಗೆ ಟ್ರ್ಯಾಕನ್ನು ಬಿಡಿಸುವ ಡಿಕೋಡರ್ ಆ ಅಂಕಿಯನ್ನು ಓದಿ, ಮಾತು ಮೈನಸ್ 31ಕ್ಕೆ ಬರುವಷ್ಟು ಇಡೀ ಟ್ರ್ಯಾಕನ್ನು ತಗ್ಗಿಸುತ್ತದೆ. ಸಿನಿಮಾ ಡಿಸ್ಕ್‌ಗಳಲ್ಲಿ ಪದೇ ಪದೇ ಕಾಣುವ ಅಂಕಿ ಮೈನಸ್ 27. ಅಂದರೆ 4 ಡೆಸಿಬಲ್ ಇಳಿಕೆ. ಡಿಟಿಎಸ್ ಟ್ರ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಈ ಇಳಿಕೆ ಇರುವುದಿಲ್ಲ. ನಿಮಗೆ ಕೇಳಿಸುತ್ತಿರುವ ವ್ಯತ್ಯಾಸದ ಬಹುಪಾಲು ಇಷ್ಟೇ.

4 ಡೆಸಿಬಲ್ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಆಂಪ್ಲಿಫೈಯರ್ ಶಕ್ತಿಯ ಲೆಕ್ಕದಲ್ಲಿ ಅದು ಎರಡೂವರೆ ಪಟ್ಟು. ಜೋರಾಗಿರುವುದೇ ಹೆಚ್ಚು ಸ್ಪಷ್ಟ, ಹೆಚ್ಚು ಗಟ್ಟಿ ಎಂದು ನಮ್ಮ ಕಿವಿ ನಂಬುತ್ತದೆ. ಡಿವಿಡಿ ಕಾಲದಿಂದ ನಡೆದುಬಂದಿರುವ ಡಿಟಿಎಸ್ ಮೇಲೋ ಡಾಲ್ಬಿ ಮೇಲೋ ಎಂಬ ಜಗಳದಲ್ಲಿ ದೊಡ್ಡ ಪಾಲು ಈ ನಾಲ್ಕು ಡೆಸಿಬಲ್‌ಗಳದ್ದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡಯಲ್‌ನಾರ್ಮ್‌ನಿಂದ ಗುಣಮಟ್ಟಕ್ಕೆ ಧಕ್ಕೆಯಾಗುವುದಿಲ್ಲ. ಪಿಸುಮಾತು, ಸ್ಫೋಟ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುವುದರಿಂದ ಅವುಗಳ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ವಾಲ್ಯೂಮ್ 4 ಡೆಸಿಬಲ್ ಏರಿಸಿದರೆ ಕಳೆದದ್ದು ಮರಳಿ ಬರುತ್ತದೆ. ಕೆಲವು ರಿಸೀವರ್‌ಗಳು ಟ್ರ್ಯಾಕ್ ಶುರುವಾದಾಗ ಈ ಅಂಕಿಯನ್ನು ಮುಂಭಾಗದ ಡಿಸ್‌ಪ್ಲೇಯಲ್ಲಿ ತೋರಿಸುತ್ತವೆ, ಒಮ್ಮೆ ಗಮನಿಸಿ.

ಹೊಂದಿಸುವ ಕೆಲಸ ಸ್ಪೀಕರ್‌ಗಳಿಂದ ಶುರುವಾಗಬೇಕು. ಅವುಗಳ ಮಟ್ಟವೇ ಏರುಪೇರಾಗಿದ್ದರೆ ಫಾರ್ಮ್ಯಾಟ್‌ಗಳ ಹೋಲಿಕೆಗೆ ಅರ್ಥವಿಲ್ಲ. ರಿಸೀವರ್‌ನ ಟೆಸ್ಟ್ ಟೋನ್ ಹಾಕಿ, ನೀವು ಕೂರುವ ಜಾಗದಲ್ಲಿ, ಕಿವಿಯ ಎತ್ತರದಲ್ಲಿ ಧ್ವನಿಮಟ್ಟ ಅಳೆಯುವ ಮೀಟರ್ ಹಿಡಿದು, ಪ್ರತಿ ಸ್ಪೀಕರ್ ಒಂದೇ ಅಂಕಿ ತೋರುವಂತೆ ಮಾಡಿ. ರೂಢಿಯ ಗುರಿ 75 ಡೆಸಿಬಲ್, ಮೀಟರ್ ಸಿ-ವೇಯ್ಟಿಂಗ್ (ತಗ್ಗಿನ ಸ್ವರಗಳನ್ನೂ ಲೆಕ್ಕಕ್ಕೆ ಹಿಡಿಯುವ) ಮತ್ತು ಸ್ಲೋ (ನಿಧಾನವಾಗಿ ಸರಾಸರಿ ತೋರುವ) ಸ್ಥಿತಿಯಲ್ಲಿ. ಮೊಬೈಲ್ ಆ್ಯಪ್ ಹೇಳುವ ಅಂಕಿ ಅಷ್ಟು ನಿಖರವಲ್ಲದಿದ್ದರೂ ಎರಡರ ನಡುವಿನ ವ್ಯತ್ಯಾಸ ತಿಳಿಯಲು ಸಾಕು.

ಆಮೇಲೆ ಮಾತನ್ನು ಮಾತಿನ ಜೊತೆಗೇ ಹೋಲಿಸಿ, ಹೊಡೆದಾಟದ ದೃಶ್ಯವನ್ನಲ್ಲ. ಹಿನ್ನೆಲೆ ಸಂಗೀತವಿಲ್ಲದ, ಇಬ್ಬರು ಕೂತು ಮಾತನಾಡುವ ಅರ್ಧ ನಿಮಿಷದ ತುಣುಕು ಆರಿಸಿ, ಅದನ್ನೇ ಎರಡೂ ಟ್ರ್ಯಾಕಿನಲ್ಲಿ ಹಾಕಿ, ಸರಾಸರಿ ಮಟ್ಟ ಬರೆದಿಟ್ಟುಕೊಳ್ಳಿ. ವ್ಯತ್ಯಾಸ ನಾಲ್ಕರ ಆಸುಪಾಸು ಬಂದರೆ ಕಾರಣ ಡಯಲ್‌ನಾರ್ಮ್ ಎಂದುಕೊಳ್ಳಬಹುದು. ಡೆನಾನ್, ಮರಾಂಟ್ಜ್ ರಿಸೀವರ್‌ಗಳಲ್ಲಿ ಲೌಡ್‌ನೆಸ್ ಮ್ಯಾನೇಜ್‌ಮೆಂಟ್ ಎಂಬ ಆಯ್ಕೆ ಸಿಗುತ್ತದೆ. ಆಫ್ ಮಾಡಿದರೆ ಡಾಲ್ಬಿ ಟ್ರ್ಯಾಕ್‌ಗೂ ಈ ಇಳಿಕೆ ತಪ್ಪುತ್ತದೆ. ಉಳಿದವರು ಡಾಲ್ಬಿಗೆ ವಾಲ್ಯೂಮ್ ನಾಲ್ಕು ಹೆಚ್ಚು ಎಂದು ನೆನಪಿಟ್ಟುಕೊಂಡರಾಯಿತು. ಮೆನುವಿನಲ್ಲಿ ಸೋರ್ಸ್ ಲೆವೆಲ್ ಇದ್ದೇ ಇದೆಯಲ್ಲ ಎಂದು ಕೇಳಬಹುದು. ಅದು ಇನ್‌ಪುಟ್‌ಗೆ ಅನ್ವಯಿಸುತ್ತದೆ, ಫಾರ್ಮ್ಯಾಟ್‌ಗಲ್ಲ. ಒಂದೇ ಪ್ಲೇಯರ್‌ನಿಂದ ಎರಡೂ ಟ್ರ್ಯಾಕ್ ಬರುವಾಗ ಅದು ನೆರವಾಗದು. ಸೆಟ್‌ಟಾಪ್ ಬಾಕ್ಸ್ ಮತ್ತು ಡಿಸ್ಕ್ ಪ್ಲೇಯರ್ ನಡುವಿನ ಅಂತರ ಕಳೆಯಲು ಮಾತ್ರ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಹಾಡಿನ ಮಾತು ಬೇರೆ. ನೆಟ್‌ಫ್ಲಿಕ್ಸ್ ತನಗೆ ಬರುವ ಚಿತ್ರಗಳಲ್ಲಿ ಮಾತಿನ ಸರಾಸರಿ ಮೈನಸ್ 27 ಎಲ್‌ಕೆಎಫ್‌ಎಸ್ (ಕಿವಿಗೆ ಎಷ್ಟು ಜೋರೆನಿಸುತ್ತದೆ ಎಂಬುದರ ಅಳತೆ; ಒಂದು ಯೂನಿಟ್ ಅಂದರೆ ಒಂದು ಡೆಸಿಬಲ್) ಇರಬೇಕೆಂದು ಕೇಳುತ್ತದೆ. 2 ಯೂನಿಟ್ ಆಚೀಚೆಗೆ ಅವಕಾಶವಿದೆ. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯ ಸ್ಥಿತಿಯಲ್ಲಿ ಮೈನಸ್ 14ರ ಸುತ್ತ ನುಡಿಸುತ್ತದೆ. ಒಂದು ಮಾತನ್ನು ಅಳೆಯುತ್ತದೆ, ಇನ್ನೊಂದು ಇಡೀ ಹಾಡನ್ನು. ಆದರೂ ಹತ್ತು ಡೆಸಿಬಲ್‌ಗೂ ಮೀರಿದ ಈ ಅಂತರವೇ ನಿಮ್ಮ ಕಿವಿಗೆ ಬಡಿಯುತ್ತಿರುವುದು. ಇದು ಫಾರ್ಮ್ಯಾಟ್‌ನ ತಪ್ಪಲ್ಲ, ಸಿದ್ಧಪಡಿಸುವ ಹಂತದಲ್ಲೇ ಇಟ್ಟುಕೊಂಡ ಗುರಿ ಬೇರೆ. ಹಾಡಿಗೆ ಪ್ರತ್ಯೇಕ ಇನ್‌ಪುಟ್ ಬಳಸಿ, ಅದರ ಸೋರ್ಸ್ ಲೆವೆಲ್ ಇಳಿಸಿಬಿಡಿ.

ಟಿವಿಯೇ 5.1 ಅನ್ನು ಸ್ಟೀರಿಯೊಗೆ ಇಳಿಸಿ ಕಳಿಸುತ್ತಿದೆಯೇ ಎಂಬುದನ್ನೂ ನೋಡಿ. ಹಾಗೆ ಬೆರೆಸುವಾಗ ನಡುವಿನ ಚಾನೆಲ್ ಸಾಮಾನ್ಯವಾಗಿ 3 ಡೆಸಿಬಲ್ ತಗ್ಗಿ ಎಡಬಲಕ್ಕೆ ಹಂಚಿಹೋಗುತ್ತದೆ. ಧ್ವನಿ ಒಡೆಯದಿರಲೆಂದು ಒಟ್ಟು ಮಟ್ಟವನ್ನೂ ಇಳಿಸುವುದುಂಟು. ಟಿವಿಯ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂನಿಂದ (ಟಿವಿಯೇ ಬಿಡಿಸಿ ಕಳಿಸುವುದು) ಪಾಸ್‌ಥ್ರೂ ಅಥವಾ ಬಿಟ್‌ಸ್ಟ್ರೀಮ್‌ಗೆ (ಟ್ರ್ಯಾಕನ್ನು ಹಾಗೆಯೇ ರಿಸೀವರ್‌ಗೆ ದಾಟಿಸುವುದು) ಬದಲಿಸಿ.

ಕೊನೆಯದಾಗಿ, ಜೋರು ಮೆಲುಗಳ ಅಂತರವನ್ನು ಕುಗ್ಗಿಸುವ ನೈಟ್ ಮೋಡ್ ಮತ್ತು ಡೈನಮಿಕ್ ಕಂಪ್ರೆಶನ್. ಮಕ್ಕಳು ಮಲಗಿದ ಮೇಲೆ ಸಿನಿಮಾ ನೋಡುವವರಿಗೆ ಇವು ನಿಜಕ್ಕೂ ಉಪಕಾರಿ, ಧಾರಾಳವಾಗಿ ಬಳಸಿ. ಆದರೆ ಅಳತೆಗೆ ಕೂರುವಾಗ ಆಫ್ ಮಾಡಿ, ಆಟೊ ಎಂದಿದ್ದರೆ ಅದನ್ನೂ ಬದಲಿಸಿ. ಒಂದು ಫಾರ್ಮ್ಯಾಟ್‌ನಲ್ಲಿ ಕೆಲಸ ಮಾಡಿ ಇನ್ನೊಂದರಲ್ಲಿ ಸುಮ್ಮನಿದ್ದರೆ ನಿಮ್ಮ ಮೀಟರ್ ತೋರಿಸುವ ಅಂಕಿಗಳನ್ನು ನಂಬುವಂತಿಲ್ಲ.