ಲೆನಿನ್‌ಗ್ರಾದ್ ಸಿಂಫನಿ: ಎಂಬತ್ತು ವರ್ಷಗಳ ಒಂದು ಜಗಳ

ರಷ್ಯಾದ ಸಂಯೋಜಕ ದಿಮಿತ್ರಿ ಶೊಸ್ತಕೋವಿಚ್ ತಮ್ಮ ಏಳನೇ ಸಿಂಫನಿಯನ್ನು, ಅಂದರೆ ದೊಡ್ಡ ವಾದ್ಯವೃಂದಕ್ಕಾಗಿ ರಚಿಸಿದ ‘ಲೆನಿನ್‌ಗ್ರಾದ್’ ಎಂಬ ನಾಲ್ಕು ಭಾಗಗಳ ಕೃತಿಯನ್ನು, ಬರೆದದ್ದು ಯಾರ ವಿರುದ್ಧ? ಲೆನಿನ್‌ಗ್ರಾದ್ ನಗರವನ್ನು ಮುತ್ತಿದ ಹಿಟ್ಲರನ ಸೇನೆಯ ವಿರುದ್ಧವೋ, ಅದಕ್ಕೂ ಮೊದಲೇ ಆ ನಗರವನ್ನು ನಡುಗಿಸಿದ್ದ ಸ್ಟಾಲಿನ್ ಆಡಳಿತದ ವಿರುದ್ಧವೋ? ಎಂಬತ್ತು ವರ್ಷ ದಾಟಿದರೂ ಈ ವಾದ ಮುಗಿದಿಲ್ಲ. ಕೃತಿಯನ್ನು ಪೂರ್ತಿಯಾಗಿ ಒಮ್ಮೆಯೂ ಕೇಳದವರು ಕೂಡ ಯಾವುದೋ ಒಂದು ಪಕ್ಷ ಹಿಡಿದಿರುತ್ತಾರೆ.

1906ರಲ್ಲಿ, ಮುಂದೆ ಲೆನಿನ್‌ಗ್ರಾದ್ ಎಂದಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಶೊಸ್ತಕೋವಿಚ್, ಹತ್ತೊಂಬತ್ತರ ಹರೆಯದಲ್ಲೇ ಮೊದಲ ಸಿಂಫನಿಯಿಂದ ಹೆಸರಾದರು. 1936ರಲ್ಲಿ ಕಮ್ಯುನಿಸ್ಟ್ ಪಕ್ಷದ ‘ಪ್ರಾವ್ದಾ’ ಪತ್ರಿಕೆ ಅವರ ಒಪೆರಾವನ್ನು ಸಂಗೀತವೇ ಅಲ್ಲ, ಗೊಂದಲ ಎಂದು ಖಂಡಿಸಿತು. ನಾಲ್ಕನೇ ಸಿಂಫನಿಯನ್ನು ಅವರು ತಾಲೀಮಿನ ಹಂತದಲ್ಲೇ ಹಿಂತೆಗೆದುಕೊಂಡರು. ಅದು ಸಭೆಯ ಕಿವಿಗೆ ಬಿದ್ದದ್ದು 1961ರಲ್ಲಿ. 1937ರ ಐದನೇ ಸಿಂಫನಿ ಅವರ ಮಾನ ಉಳಿಸಿತು. ಹೆಸರು ಮರಳಿತು, ಭಯ ಹೋಗಲಿಲ್ಲ.

1941ರ ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿತು. ಕಣ್ಣಿನ ದೋಷದಿಂದಾಗಿ ಸೇನೆ ಶೊಸ್ತಕೋವಿಚ್‌ರನ್ನು ಸೇರಿಸಿಕೊಳ್ಳಲಿಲ್ಲ. ಸಂಗೀತಶಾಲೆಯ ಅಗ್ನಿಶಾಮಕ ತಂಡ ಸೇರಿದರು. ಏಳನೇ ಸಿಂಫನಿಯ ಮೊದಲ ಮೂರು ಭಾಗಗಳು ಲೆನಿನ್‌ಗ್ರಾದ್‌ನಲ್ಲೇ ಆದವು. ಅಕ್ಟೋಬರ್‌ನಲ್ಲಿ ಅವರನ್ನು ಕುಟುಂಬದೊಂದಿಗೆ ಹೊರಗೆ ಸಾಗಿಸಲಾಯಿತು. ಕೊನೆಯ ಭಾಗ ಡಿಸೆಂಬರ್ 27ರಂದು ವೋಲ್ಗಾ ದಡದ ಕುಯ್ಬಿಶೆವ್‌ನಲ್ಲಿ ಮುಗಿಯಿತು. ಅಲ್ಲೇ 1942ರ ಮಾರ್ಚ್ 5ರಂದು ಮೊದಲ ಪ್ರದರ್ಶನ ನಡೆಯಿತು. ಸ್ವರಲಿಪಿ ಮೈಕ್ರೊಫಿಲ್ಮ್ ರೂಪದಲ್ಲಿ ಟೆಹರಾನ್, ಕೈರೊ ಮಾರ್ಗವಾಗಿ ಅಮೆರಿಕ ಮುಟ್ಟಿತು. ಜುಲೈ 19ರಂದು ಹೆಸರಾಂತ ವಾದ್ಯವೃಂದ ನಿರ್ದೇಶಕ ಟೊಸ್ಕನೀನಿ ನ್ಯೂಯಾರ್ಕ್‌ನಿಂದ ರೇಡಿಯೊದಲ್ಲಿ ನುಡಿಸಿದರು. ಅಗ್ನಿಶಾಮಕರ ಶಿರಸ್ತ್ರಾಣ ತೊಟ್ಟ ಸಂಯೋಜಕರ ಚಿತ್ರ ‘ಟೈಮ್’ ಪತ್ರಿಕೆಯ ಮುಖಪುಟಕ್ಕೆ ಬಂತು.

ಆದರೆ ಈ ಕೃತಿಯ ನಿಜವಾದ ಕಥೆ ಇರುವುದು ಲೆನಿನ್‌ಗ್ರಾದ್‌ನಲ್ಲಿಯೇ. ಆ ಚಳಿಗಾಲದ ಅತಿ ಕಷ್ಟದ ವಾರಗಳಲ್ಲಿ ದುಡಿಮೆಗಾರರಲ್ಲದವರಿಗೆ ಸಿಗುತ್ತಿದ್ದ ಬ್ರೆಡ್ಡು ದಿನಕ್ಕೆ 125 ಗ್ರಾಂ, ಅದರಲ್ಲೂ ಕಲಬೆರಕೆ. ನಗರದ ಪ್ರಮುಖ ವಾದ್ಯವೃಂದ ಆಗಲೇ ನೊವೊಸಿಬಿರ್ಸ್ಕ್‌ಗೆ ತೆರಳಿತ್ತು. ಉಳಿದಿದ್ದದ್ದು ಕಾರ್ಲ್ ಎಲಿಯಾಸ್‌ಬರ್ಗ್ ನಿರ್ದೇಶನದ ರೇಡಿಯೊ ವಾದ್ಯವೃಂದ. ಅದರಲ್ಲಿ ನುಡಿಸುವ ಸ್ಥಿತಿಯಲ್ಲಿದ್ದವರು ಸುಮಾರು ಹದಿನೈದು ಮಂದಿ. ಈ ಸಿಂಫನಿಗೆ ಬೇಕಿದ್ದದ್ದು ನೂರಕ್ಕೂ ಹೆಚ್ಚು ಕಲಾವಿದರು. ಎಂಟು ಹಾರ್ನ್, ಆರು ಟ್ರಂಪೆಟ್, ಆರು ಟ್ರೊಂಬೋನ್. ಹಸಿದ ಹೊಟ್ಟೆಯಲ್ಲಿ ಪಿಟೀಲನ್ನು ಹೇಗೋ ನುಡಿಸಬಹುದು, ಟ್ರಂಪೆಟ್ ಊದಲು ಉಸಿರೆಲ್ಲಿಂದ ಬರಬೇಕು? ಮಾರ್ಚ್ ಕೊನೆಯಲ್ಲಿ ವಾದ್ಯವೃಂದವನ್ನು ಮತ್ತೆ ಕಟ್ಟಲು ಕರೆದ ಮೊದಲ ತಾಲೀಮು ಕಾಲು ಗಂಟೆಗೇ ನಿಂತಿತು. ಕಲಾವಿದರಿಗೆ ಹೆಚ್ಚುವರಿ ಪಡಿತರ ಕೊಟ್ಟರು. ಮುಂಚೂಣಿಯಿಂದ ಸೇನಾ ಬ್ಯಾಂಡಿನವರನ್ನು ಕರೆಸಿದರು. ಸ್ವರಲಿಪಿ ವಿಮಾನದಲ್ಲಿ ಬಂತು. ತಾಲೀಮು ನಡೆಯುತ್ತಿದ್ದ ತಿಂಗಳುಗಳಲ್ಲೇ ಕೆಲವರು ತೀರಿಕೊಂಡರು.

ಆಗಸ್ಟ್ 9ರಂದು ಪ್ರದರ್ಶನ ನಡೆಯಿತು. ಸಭಾಂಗಣದ ಮೇಲೆ ಗುಂಡು ಬೀಳದಿರಲೆಂದು ಸೋವಿಯತ್ ಸೇನಾನಿ ಗೊವೊರೊವ್ ನೇತೃತ್ವದ ಸೇನೆ ಜರ್ಮನ್ ಫಿರಂಗಿಗಳ ಮೇಲೆ ಮೊದಲೇ ದಾಳಿ ನಡೆಸಿತ್ತು. ಧ್ವನಿವರ್ಧಕಗಳು ಸಂಗೀತವನ್ನು ಬೀದಿಬೀದಿಗೆ ಒಯ್ದವು. ಒಂದು ಕೃತಿಯನ್ನು ನುಡಿಸಿ ಮುಗಿಸುವುದೇ ಇಷ್ಟು ದೊಡ್ಡ ಸಾಧನೆಯಾದ ಇನ್ನೊಂದು ಸಂದರ್ಭ ನನಗಂತೂ ತೋಚುವುದಿಲ್ಲ.

ಯುದ್ಧ ಮುಗಿದಂತೆ ಪಶ್ಚಿಮದ ಉತ್ಸಾಹ ಇಳಿಯಿತು. ಇದು ಬರೀ ಪ್ರಚಾರ ಸಂಗೀತ ಎಂದರು. 1948ರಲ್ಲಿ ಸೋವಿಯತ್ ಪಕ್ಷವೇ ಶೊಸ್ತಕೋವಿಚ್‌ರನ್ನು ಮತ್ತೆ ಖಂಡಿಸಿತು. ಅವರು ತೀರಿಕೊಂಡ ನಾಲ್ಕು ವರ್ಷಗಳ ನಂತರ, 1979ರಲ್ಲಿ, ರಷ್ಯಾದಿಂದ ವಲಸೆ ಬಂದಿದ್ದ ಸಂಗೀತ ಲೇಖಕ ಸೊಲೊಮನ್ ವೊಲ್ಕೊವ್ ಅಮೆರಿಕದಲ್ಲಿ ಅವರ ನೆನಪುಗಳೆಂದು ಒಂದು ಪುಸ್ತಕ ಹೊರತಂದರು. ಹಿಟ್ಲರನಿಗಿಂತ ಮುಂಚೆಯೇ ಸ್ಟಾಲಿನ್ ಕೈಯಲ್ಲಿ ನಾಶವಾಗಿದ್ದ ಲೆನಿನ್‌ಗ್ರಾದ್‌ಗಾಗಿ ಈ ಶೋಕ ಎಂದು ಅದು ಹೇಳಿತು. ಮರುವರ್ಷವೇ ವಿದ್ವಾಂಸೆ ಲಾರೆಲ್ ಫೇ ಪುಸ್ತಕದ ಸಾಚಾತನವನ್ನು ಪ್ರಶ್ನಿಸಿದರು. ಅಲ್ಲಿಂದ ಎರಡು ಪಾಳಯಗಳಾದವು. 2008ರಲ್ಲಿ ರಷ್ಯಾ-ಜಾರ್ಜಿಯಾ ಯುದ್ಧದ ಬೆನ್ನಿಗೇ ರಷ್ಯಾದ ವಾದ್ಯವೃಂದ ನಿರ್ದೇಶಕ ಗೆರ್ಗಿಯೆವ್ ಇದನ್ನು ದಕ್ಷಿಣ ಒಸೆಟಿಯಾದ ತ್ಸ್ಖಿನ್ವಾಲಿಯಲ್ಲಿ ನುಡಿಸಿದಾಗ ಜಗಳಕ್ಕೆ ಮೂರನೆಯ ಮುಖವೂ ಬಂತು.

ಈ ವಾದವೆಲ್ಲ ಹೆಚ್ಚಾಗಿ ಸುತ್ತುವುದು ಮೊದಲ ಭಾಗದ ಒಂದು ತುಣುಕಿನ ಸುತ್ತ. ಸೇನಾ ಬ್ಯಾಂಡುಗಳಲ್ಲಿ ಬಾರಿಸುವ ಚಿಕ್ಕ ಸ್ನೇರ್ ಡ್ರಮ್ಮಿನ ಸಣ್ಣ ಲಯದ ಮೇಲೆ ಒಂದು ಹಗುರ ಧಾಟಿ ಬರುತ್ತದೆ, ಹನ್ನೆರಡು ಸಲ. ಧಾಟಿ ಬೆಳೆಯುವುದಿಲ್ಲ, ಸದ್ದು ಬೆಳೆಯುತ್ತದೆ. ತೀರಾ ಸಾಧಾರಣವಾದದ್ದು ನೋಡನೋಡುತ್ತಲೇ ಭೀಕರವಾಗುವುದನ್ನು ಇಷ್ಟು ನೇರವಾಗಿ ತೋರಿಸಿದ ಸಂಗೀತ ಕಡಿಮೆ. ಹಂಗೇರಿಯ ಸಂಯೋಜಕ ಬಾರ್ತೋಕ್ ತಮ್ಮ ಸಂಗೀತದಲ್ಲಿ ಇದನ್ನು ಅಣಕಿಸಿದರು ನಿಜ, ಆದರೆ ಕೇಳುಗರ ಮೈ ಜುಮ್ಮೆನ್ನುವುದು ಇಲ್ಲಿಯೇ. ಆ ಸದ್ದಿಗೆ ಯಾವ ಸೈನ್ಯದ ಸಮವಸ್ತ್ರ ತೊಡಿಸಬೇಕೆಂದು ಸಂಗೀತ ಹೇಳುವುದಿಲ್ಲ. ಭಾಗಗಳಿಗೆ ಮೊದಲು ಇಟ್ಟಿದ್ದ ‘ಯುದ್ಧ’, ‘ಗೆಲುವು’ ಮುಂತಾದ ಹೆಸರುಗಳನ್ನು ಸಂಯೋಜಕರೇ ತೆಗೆದುಹಾಕಿದ್ದರು.

ಸುಮಾರು ಎಪ್ಪತ್ತೈದು ನಿಮಿಷಗಳ ಕೃತಿಯಲ್ಲಿ ಆ ತುಣುಕು ಹತ್ತು ಹನ್ನೆರಡು ನಿಮಿಷ ಅಷ್ಟೆ. ಡ್ರಮ್ಮಿನ ಗದ್ದಲ ಕೇಳಿ ಎದ್ದುಹೋಗುವವರು ಮೂರನೆಯ ಭಾಗವನ್ನು, ಊದುವ ವಾದ್ಯಗಳ ಗಂಭೀರ ಸ್ವರಗಳ ನಂತರ ಪಿಟೀಲುಗಳು ಒಂಟಿಯಾಗಿ ಮಾತಾಡುವ ಆ ನಿಧಾನಗತಿಯ ಅಡಾಜಿಯೊವನ್ನು, ಕಳೆದುಕೊಳ್ಳುತ್ತಾರೆ. ಕೊನೆಯ ಭಾಗದ ವಿಜಯಘೋಷ ಟೊಳ್ಳು ಎನ್ನುವವರು ಅದನ್ನು ಬರೆದ ತಿಂಗಳನ್ನು ಮರೆಯುತ್ತಾರೆ: 1941ರ ಡಿಸೆಂಬರ್. ಮುತ್ತಿಗೆ ಪೂರ್ತಿ ತೆರವಾಗಲು ಇನ್ನೂ ಎರಡು ವರ್ಷ ಬೇಕಿತ್ತು.